ಹಳೆಯ ಮನೆ ಯಾರದು?



ಕರಾವಳಿಯ ಯಾವ ಧರ್ಮಕೇಂದ್ರಕ್ಕೆ ಹೋದರೂ ನಮ್ಮವರ ಇಂಥ ಮನೆಗಳು ಇನ್ನೂ ಕಾಣಸಿಗುತ್ತವೆ. ತೋಟದ ನಡುವೆ ಮುರಕಲ್ಲಿನ ದಪ್ಪ ಗೋಡೆ, ಮಂಗಳೂರು ಹಂಚಿನ ಮಾಡು, ಮುಂದೆ ಉದ್ದನೆಯ ಜಗಲಿ, ಬಾಗಿಲು ದಾಟಿದೊಡನೆ ಎದುರಿಗೆ ಆಲ್ತಾರು. ಮೂರು ನಾಲ್ಕು ತಲೆಮಾರುಗಳ ಮದುವೆಯ ರೋಸ್ ಅಲ್ಲಿಯೇ ನಡೆದಿದೆ. ಅಷ್ಟೇ ತಲೆಮಾರುಗಳ ಶವಪೆಟ್ಟಿಗೆಗಳು ಅದೇ ಬಾಗಿಲಿನಿಂದ ಹೊರಟಿವೆ. ಇಂದು ಅಲ್ಲಿ ವಾಸವಾಗಿರುವವರು ಇಬ್ಬರೋ ಮೂವರೋ. ವಯಸ್ಸಾದ ತಾಯಿ, ಮದುವೆಯಾಗದ ಮಗಳು, ಅಥವಾ ಊರು ಬಿಟ್ಟು ಹೋಗದ ಕಿರಿಯ ಮಗ. ಉಳಿದವರು ಮುಂಬಯಿ, ದುಬೈ, ಕುವೈಟ್, ಕೆನಡಾದಲ್ಲಿ.

ಮಳೆಗಾಲದಲ್ಲಿ ಮಾಡು ಸೋರತೊಡಗಿದಾಗ ಮಾತು ಏಳುತ್ತದೆ. ಊರಲ್ಲಿರುವವರು “ಕೆಡವಿ ಸಣ್ಣದೊಂದು ತಾರಸಿ ಮನೆ ಕಟ್ಟೋಣ” ಎನ್ನುತ್ತಾರೆ. ಪರವೂರಲ್ಲಿರುವವರು “ಅಜ್ಜನ ಮನೆ, ಒಂದು ಕಲ್ಲನ್ನೂ ಮುಟ್ಟಬೇಡಿ” ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇದನ್ನು ನಾವು ಖರ್ಚಿನ ಲೆಕ್ಕವೆಂದೋ ಭಾವನೆಯ ವಿಷಯವೆಂದೋ ತಿಳಿದು ಅಲ್ಲಿಗೇ ಬಿಡುತ್ತೇವೆ. ನನ್ನ ಮಟ್ಟಿಗೆ ಇದು ಮೊದಲು ನ್ಯಾಯದ ಪ್ರಶ್ನೆ. ಹಳೆಯ ಮನೆಯನ್ನು ಉಳಿಸಬೇಕೆಂದು ಯಾರು ಯಾರಿಗೆ ಹೇಳಬಹುದು?

ಅದಕ್ಕೂ ಮುಂಚೆ, ಉಳಿಸುವುದು ಎಂದರೇನು? ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ಹಡಗಿನ ಸಂಗತಿ ಹೇಳುತ್ತಾನೆ. ವೀರ ಥೀಸಿಯಸನ ಹಡಗನ್ನು ಅಥೆನ್ಸಿನ ಜನ ಬಹುಕಾಲ ಕಾಪಾಡಿದರು; ಹಲಗೆ ಲಡ್ಡಾದಂತೆ ಹೊಸ ಹಲಗೆ ಕೂಡಿಸುತ್ತಾ ಹೋದರು. ಕೊನೆಗೆ ಅದು ಅದೇ ಹಡಗೋ ಬೇರೆಯದೋ ಎಂದು ತತ್ವಜ್ಞಾನಿಗಳು ವಾದಕ್ಕಿಳಿದರು. ಸಂತ ತೋಮಸ್ ಅಕ್ವಿನಾಸರು ಮನುಷ್ಯದೇಹದ ವಿಚಾರದಲ್ಲಿ ಇಂಥದೇ ಪ್ರಶ್ನೆಯನ್ನು ಎತ್ತಿಕೊಂಡು ಬೆಂಕಿಯ ಉದಾಹರಣೆ ಕೊಡುತ್ತಾರೆ. ಕಟ್ಟಿಗೆ ಉರಿದು ಮುಗಿಯುವ ಮುನ್ನ ಇನ್ನೊಂದು ಕಟ್ಟಿಗೆ ಇಡುತ್ತಾ ಹೋದರೆ ಅದು ಅದೇ ಬೆಂಕಿ. ಆರಿಹೋದ ಮೇಲೆ ಹೊಸದಾಗಿ ಹೊತ್ತಿಸಿದರೆ ಅದನ್ನು ಅದೇ ಬೆಂಕಿ ಎನ್ನಲಾಗದು.

ಮನೆಗೂ ಇದು ಬಹುಮಟ್ಟಿಗೆ ಒಪ್ಪುತ್ತದೆ ಎಂದು ನನಗನಿಸುತ್ತದೆ. ಅಜ್ಜನ ಕಾಲದ ಹಂಚೆಲ್ಲ ಇಂದು ಮಾಡಿನ ಮೇಲಿಲ್ಲ. ರೀಪು ಬದಲಾಗಿದೆ, ಒರಲೆ ತಿಂದ ಪಕ್ಕಾಸು ಬದಲಾಗಿದೆ. ಆದರೂ ಅದು ಅಜ್ಜನ ಮನೆಯೇ, ಏಕೆಂದರೆ ನಡುವೆ ಯಾರೂ ಕೈಬಿಡಲಿಲ್ಲ. ಇಪ್ಪತ್ತು ವರ್ಷ ಬೀಗ ಹಾಕಿ, ಮಾಡು ಕುಸಿದ ಮೇಲೆ ಬಂದು, ಹಳೆಯ ಫೋಟೋ ನೋಡಿ ಅದೇ ಅಳತೆಯಲ್ಲಿ ಕಟ್ಟಿದರೆ ಅದು ಚೆಂದದ ಮನೆಯೇನೋ ಆದೀತು, ಆರಿದ ಬೆಂಕಿ ಮಾತ್ರ ಮರಳಿ ಬರಲಿಲ್ಲ.

‘ಒಂದು ಕಲ್ಲನ್ನೂ ಮುಟ್ಟಬೇಡಿ’ ಎನ್ನುವವರು ಇನ್ನೊಂದನ್ನು ಗಮನಿಸಬೇಕು. ನಾವು ಪರಂಪರೆಯೆಂದು ಹೆಮ್ಮೆಪಡುವ ಮಂಗಳೂರು ಹಂಚು ಹುಟ್ಟಿದ್ದೇ 1865ರಲ್ಲಿ, ಬಾಸೆಲ್ ಮಿಶನ್ನಿನವರು ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಯುರೋಪಿನ ಮಾದರಿಯ ಹಂಚು ತಯಾರಿಸಲು ಕಾರ್ಖಾನೆ ತೆರೆದಾಗ. ಅದಕ್ಕೂ ಹಿಂದೆ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ತೆಂಗಿನ ಮಡಲು. ಯಂತ್ರದಲ್ಲಿ ಒತ್ತಿದ ಆ ಹಂಚನ್ನು ಮೊದಲು ಏರಿಸಿದ ಅಜ್ಜ ಆ ಕಾಲಕ್ಕೆ ಹೊಸಬನೇ. (ಪ್ರಾಟೆಸ್ಟೆಂಟ್ ಮಿಶನ್ನಿನ ಹಂಚೆಂದು ನಮ್ಮ ಹಿರಿಯರು ಬೇಡವೆನ್ನಲಿಲ್ಲ, ದೇವಾಲಯಕ್ಕೂ ಹೊದಿಸಿದರು.)

ಹಾಗಾದರೆ ಯಾವ ಹೊಸತನ್ನಾದರೂ ಸೇರಿಸಬಹುದೇ? ಇಲ್ಲಿ ವಸ್ತುವಿನ ಮಾತನ್ನು ಕೇಳಬೇಕಾಗುತ್ತದೆ. ಮುರಕಲ್ಲು ತೂತುತೂತಾದ ಕಲ್ಲು. ನೀರು ಹೀರುತ್ತದೆ, ಬಿಸಿಲಿಗೆ ಒಣಗುತ್ತದೆ. ಅದರ ಮೇಲಿನ ಸುಣ್ಣದ ಗಾರೆಯೂ ಅಂಥದೇ, ಗೋಡೆಯ ಪಸೆಯನ್ನು ಹೊರಗೆ ಬಿಡುತ್ತದೆ. ಸುಣ್ಣ ಉದುರುತ್ತದೆಂದು ಬೇಸತ್ತು ನಾವು ಗಟ್ಟಿ ಸಿಮೆಂಟು ಬಳಿಯುತ್ತೇವೆ. ಮೊದಲ ಎರಡು ವರ್ಷ ಗೋಡೆ ಹೊಳೆಯುತ್ತದೆ. ನೆಲದಿಂದ ಏರಿದ ನೀರು ಹೊರಬರಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ. ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ. ಕೊನೆಗೆ ಸಿಮೆಂಟು ಹಪ್ಪಳದಂತೆ ಎದ್ದು ಬರುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಬರುತ್ತದೆ. ಉದುರುವ ಸುಣ್ಣ ಕಲ್ಲಿನ ಬದಲಿಗೆ ತಾನು ಸವೆಯುತ್ತಿತ್ತು. ಹತ್ತಾರು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಬಳಿಯುವುದೇ ಮನೆಯ ಕ್ರಮವಾಗಿತ್ತು. ‘ಒಮ್ಮೆ ಮಾಡಿದರೆ ಮತ್ತೆ ನೋಡಬೇಕಿಲ್ಲ’ ಎಂಬ ಆಸೆಯೇ ಹಳೆಯ ಮನೆಗಳ ದೊಡ್ಡ ಶತ್ರು. ಸಂಸಾರದಲ್ಲಿಯೂ ಆ ಆಸೆ ಬಹಳ ಮನೆಗಳನ್ನು ಮುರಿದಿದೆ, ಅದು ಬೇರೆ ವಾರದ ಮಾತು.

ಜೀರ್ಣೋದ್ಧಾರದಲ್ಲಿ ಸತ್ಯದ ಪ್ರಶ್ನೆಯೂ ಇದೆ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಳೆಯ ಕಟ್ಟಡವನ್ನು ಮೊದಲಿನಂತೆ ಮಾಡುತ್ತೇವೆನ್ನುವುದೇ ಸುಳ್ಳು, ದಿನದಿನದ ಆರೈಕೆಯಷ್ಟೇ ನಮ್ಮ ಕೆಲಸ ಎಂದು ವಾದಿಸಿದರು. ಫ್ರಾನ್ಸಿನ ವಿಯೊಲೆ-ಲೆ-ದ್ಯುಕ್ ಅದಕ್ಕೆ ತದ್ವಿರುದ್ಧ. ಕಟ್ಟಡವನ್ನು ಎಂದೂ ಇಲ್ಲದಿದ್ದ ಪೂರ್ಣತೆಗೆ ತರಬಹುದೆಂದರು. ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಶಿಖರ 2019ರ ಏಪ್ರಿಲಿನಲ್ಲಿ ಉರಿದು ಬಿದ್ದಾಗ ಪ್ರಪಂಚವೇ ಮಧ್ಯಯುಗದ ಶಿಖರ ಹೋಯಿತೆಂದು ಮರುಗಿತು. ಅದು 19ನೆಯ ಶತಮಾನದಲ್ಲಿ ಅವರು ರಚಿಸಿದ ಶಿಖರ. 2024ರ ಡಿಸೆಂಬರಿನಲ್ಲಿ ದೇವಾಲಯ ಮತ್ತೆ ತೆರೆದಾಗ ಮೇಲೆ ನಿಂತಿದ್ದುದೂ ಅವರ ವಿನ್ಯಾಸವೇ. ಇವೆರಡರ ನಡುವೆ 1964ರಲ್ಲಿ ವೆನಿಸಿನಲ್ಲಿ ಸೇರಿದ ತಜ್ಞರು ಒಪ್ಪಿದ ನಿಯಮಗಳು ಸಾಮಾನ್ಯ ಮನೆಗೂ ಸಲ್ಲುತ್ತವೆ: ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಂದಿಕೊಂಡಿರಬೇಕು, ಆದರೆ ಹೊಸದೆಂದು ಗೊತ್ತಾಗಬೇಕು.

ಕುತೂಹಲದ ಸಂಗತಿಯೆಂದರೆ, ಪವಿತ್ರ ಗ್ರಂಥದಲ್ಲಿಯೂ ಮನೆ ರಿಪೇರಿಯ ಒಂದು ವಿಧಿಯಿದೆ. ಯಾಜಕಕಾಂಡದ 14ನೆಯ ಅಧ್ಯಾಯವನ್ನು ತೆರೆದು ನೋಡಿ. ಗೋಡೆಗೆ ಬೂಷ್ಟಿನ ರೋಗ ತಗಲಿದರೆ ಒಡೆಯನು ಯಾಜಕನಿಗೆ ತಿಳಿಸಬೇಕು. ಯಾಜಕನು ಬಂದು ಪರೀಕ್ಷಿಸಿ ಏಳು ದಿನ ಮನೆ ಮುಚ್ಚಿಸುತ್ತಾನೆ. ರೋಗ ಹರಡಿದ್ದರೆ ಆ ಕಲ್ಲುಗಳನ್ನು ಮಾತ್ರ ಕೀಳಿಸುತ್ತಾನೆ; ಗೋಡೆ ಕೆರೆಸಿ, ಬೇರೆ ಕಲ್ಲಿಟ್ಟು, ಹೊಸ ಗಾರೆ ಮಾಡಿಸುತ್ತಾನೆ. ಅಷ್ಟಾದರೂ ರೋಗ ಮರುಕಳಿಸಿದರೆ ಮನೆಯನ್ನು ಕೆಡವಬೇಕು. ಮೊದಲು ಪರೀಕ್ಷೆ, ಆಮೇಲೆ ಕಾಯುವುದು, ಕೆಟ್ಟಷ್ಟನ್ನೇ ತೆಗೆಯುವುದು, ಬೇರೆ ದಾರಿಯಿಲ್ಲದಿದ್ದರೆ ಕೆಡವುವುದು. ಇಂದಿನ ಇಂಜಿನಿಯರರೂ ಇದಕ್ಕೆ ತಲೆದೂಗುತ್ತಾರೆ. ಗೋಡೆ ಉಳಿಯಲೆಂದು ಮನುಷ್ಯರು ಅಪಾಯದಲ್ಲಿ ಮಲಗಬೇಕೆಂದು ಆ ವಿಧಿ ಹೇಳುವುದಿಲ್ಲ.

ಈಗ ನ್ಯಾಯದ ಪ್ರಶ್ನೆಗೆ ಬರೋಣ. ಈ ದೊಡ್ಡ ಮನೆಗಳು ಒಂದು ಕಾಲದಲ್ಲಿ ಹೇಗೆ ಉಳಿದವು? ಗೇಣಿ ಅಕ್ಕಿಯಿಂದ. ಒಕ್ಕಲುಗಳ ದುಡಿಮೆಯೇ ಮಾಡಿನ ಹಂಚಾಗುತ್ತಿತ್ತು. 1974ರ ಭೂಸುಧಾರಣೆಯ ಬಳಿಕ ಉಳುವವನಿಗೆ ಭೂಮಿ ಬಂತು. ಬರಬೇಕಾದದ್ದೇ, ಹಾಗೆ ಭೂಮಿ ಪಡೆದವರಲ್ಲಿ ನಮ್ಮ ಕ್ರೈಸ್ತ ಒಕ್ಕಲುಗಳೂ ಬಹಳ ಮಂದಿ. ಗೇಣಿ ನಿಂತಿತು, ಮನೆ ಅಷ್ಟೇ ದೊಡ್ಡದಾಗಿ ಉಳಿಯಿತು. ಆದ್ದರಿಂದ ಹಳೆಯ ಮನೆಯ ವೈಭವವನ್ನು ಹೊಗಳುವಾಗ ಅದರ ತೊಲೆಯನ್ನು ಹೊತ್ತವರ ಹೆಸರೂ ನೆನಪಿರಲಿ. ಆ ಮನೆ ವಂಶದ ನೆನಪಷ್ಟೇ ಅಲ್ಲ, ಆ ಬಡಗಿ, ಕಲ್ಲುಕುಟಿಗ, ಒಕ್ಕಲಿನ ಕೆಲಸವೂ ಹೌದು.

ಹಿರಿಯರ ಸೊತ್ತೆಂದು ದ್ರಾಕ್ಷಿತೋಟವನ್ನು ಅರಸ ಅಹಾಬನಿಗೂ ಕೊಡದ ನಾಬೋತನನ್ನು ನಾವು ಮೆಚ್ಚುತ್ತೇವೆ. ಆದರೆ ನಾಬೋತ ಆ ತೋಟ ಇದ್ದ ಊರಿನಲ್ಲೇ ಇದ್ದವನು. ದೂರದಲ್ಲಿ ಕುಳಿತು ತಮ್ಮನಿಗೆ ಅಪ್ಪಣೆ ಕೊಟ್ಟವನಲ್ಲ.

ಮೈಸೂರಿನ ಯಾದವಗಿರಿಯಲ್ಲಿರುವ ಆರ್. ಕೆ. ನಾರಾಯಣ್ ಅವರ ಮನೆ ಇದಕ್ಕೆ ಒಳ್ಳೆಯ ನಿದರ್ಶನ. ವಾರಸುದಾರರು ಅದನ್ನು ಮಾರಿದ್ದರು. 2011ರಲ್ಲಿ ಕೆಡವಲು ಆರಂಭವಾದಾಗ ನಗರದಲ್ಲಿ ಕೂಗೆದ್ದಿತು, ಕೆಲಸ ನಿಂತಿತು. ವಾರಸುದಾರರಿಗೆ ಮಾರುವ ಹಕ್ಕಿತ್ತು, ಅದನ್ನು ಅಲ್ಲಗಳೆಯಲಾಗದು. ಸಂತ ತೋಮಸರು ಒಡೆತನ ಬೇರೆ, ಬಳಕೆ ಬೇರೆ ಎನ್ನುತ್ತಾರೆ. ವಸ್ತು ನನ್ನದಾದರೂ ಅದರ ಪ್ರಯೋಜನವನ್ನು ಎಲ್ಲರದೆಂಬಂತೆ ಇಟ್ಟುಕೊಳ್ಳಬೇಕು. ಹಾಗೆ ನೋಡಿದರೆ ಊರಿನವರಿಗೂ ಆ ಮನೆಯ ಮೇಲೆ ಒಂದು ಮಾತಿತ್ತು. ಆದರೆ ಆ ಮಾತಿಗೆ ಬೆಲೆ ಬಂದದ್ದು ಸಾರ್ವಜನಿಕ ಹಣ ಕೊಟ್ಟು ಮನೆಯನ್ನು ಕೊಂಡಾಗ. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸರಕಾರದ ಹಣ ಏಕೆಂದು ಕೆಲವು ಕನ್ನಡ ಸಾಹಿತಿಗಳು ಆಕ್ಷೇಪಿಸಿದರು. ಆಕ್ಷೇಪ ಒಪ್ಪಿಗೆಯಾಗಲಿ ಬಿಡಲಿ, ಕೇಳಬೇಕಾದ ಪ್ರಶ್ನೆಯೇ ಅದು. ಕೆಡವಿದ ಭಾಗವನ್ನು ಮತ್ತೆ ಕಟ್ಟಿ 2016ರಲ್ಲಿ ಮನೆಯನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ಬರಿಯ ಕೂಗಿನಿಂದ ಒಂದು ಇಟ್ಟಿಗೆಯೂ ಮೇಲೇಳುತ್ತಿರಲಿಲ್ಲ.

ಗೋವೆಯ ಚಾಂದೋರಿನಲ್ಲಿರುವ ಬ್ರಗಾಂಜಾ ಮನೆತನದ ಮಹಾಸೌಧ ಇನ್ನೊಂದು ಬಗೆ. ಒಂದೇ ಕಟ್ಟಡ, ಎರಡು ಕವಲಿನ ಕುಟುಂಬಗಳಿಗೆ ಎರಡು ಪಾರ್ಶ್ವ, ಒಂದು ಪಾರ್ಶ್ವದಲ್ಲಿ ಮನೆಯ ಪ್ರಾರ್ಥನಾಲಯ. 1961ರ ಬಳಿಕ ಅಲ್ಲಿಯೂ ಜಮೀನಿನ ಆದಾಯ ಹೋಯಿತು. ನೋಡಲು ಬಂದವರು ಕೊಡುವ ಕಾಣಿಕೆ ಅಲ್ಲಿ ನಿರ್ವಹಣೆಗೆ ನೆರವಾಗುತ್ತದೆ. ಅಪರಿಚಿತರು ತಮ್ಮ ಊಟದ ಕೋಣೆಯಲ್ಲಿ ಓಡಾಡುವುದನ್ನು ಸಹಿಸುವುದೂ ಒಂದು ಬೆಲೆಯೇ.

ಹಾಗಾಗಿ ಪರವೂರಿನ ಸೋದರ ಸೋದರಿಯರಿಗೆ ನೇರವಾಗಿ ಹೇಳುತ್ತೇನೆ. ಮನೆ ಉಳಿಯಲಿ ಎನ್ನುವ ಹಕ್ಕು ನಿಮಗಿದೆ. ಆದರೆ ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವ ಖರ್ಚಿನಲ್ಲಿ, ಅಮ್ಮನಿಗೆ ಒಳಗೇ ಒಂದು ಶೌಚಾಲಯ ಕಟ್ಟಿಸುವುದರಲ್ಲಿ, ಏಣಿ ಹಿಡಿಯಲು ಜನ ಹುಡುಕುವುದರಲ್ಲಿ ನಿಮ್ಮ ಪಾಲಿಲ್ಲದಿದ್ದರೆ ಅದು ಪ್ರೀತಿಯಲ್ಲ. ನಿಮ್ಮ ಬಾಲ್ಯಕ್ಕೆ ಇನ್ನೊಬ್ಬರನ್ನು ಕಾವಲಿಟ್ಟಂತೆ. ಊರಲ್ಲಿರುವವರಿಗೂ ಒಂದು ಮಾತು. ಮಾಡು ಸೋರಿತೆಂಬ ಒಂದೇ ಕಾರಣಕ್ಕೆ ಜೆಸಿಬಿ ಕರೆಯಬೇಡಿ. ಸೋರುವುದು ಹೆಚ್ಚಾಗಿ ನಾಲ್ಕು ಹಂಚು, ಒಂದು ಕೊಳೆತ ರೀಪು. ಕೆಡವುವುದು ಒಂದು ಹಗಲಿನ ಕೆಲಸ. ಒಡಹುಟ್ಟಿದವರ ಒಪ್ಪಿಗೆಯಿಲ್ಲದೆ ಕೆಡವಿದ ಮನೆಯಿಂದ ಎದ್ದ ಕೋರ್ಟು ವ್ಯಾಜ್ಯ ಎರಡು ತಲೆಮಾರು ಎಳೆಯಬಲ್ಲದು.

ಬಡವರಿಗೆ ಸೂರಿಲ್ಲದಿರುವಾಗ ಹಳೆಯ ಕೆತ್ತನೆಯ ಬಾಗಿಲಿಗೆ ಲಕ್ಷ ಸುರಿಯುವುದು ಸರಿಯೇ ಎಂದು ಕೆಲವರು ಕೇಳುವುದುಂಟು. ಹೊಸ ಬಂಗಲೆಗೆ ಕೋಟಿ ಸುರಿಯುವಾಗ ಈ ಪ್ರಶ್ನೆ ಅಷ್ಟಾಗಿ ಕೇಳಿಬರುವುದಿಲ್ಲ! ಆದರೂ ಪ್ರಶ್ನೆ ಸರಿಯಾದದ್ದೇ. ಐದು ಕೋಣೆ ಖಾಲಿ ಬಿದ್ದಿರುವ ಮನೆಯಲ್ಲಿ ದೂರದ ಹಳ್ಳಿಯಿಂದ ಓದಲು ಬಂದ ನಾಲ್ಕು ಹೆಣ್ಣುಮಕ್ಕಳಿಗೆ ಜಾಗ ಕೊಡಬಹುದು. ವೃದ್ಧ ತಾಯಿಗೆ ಜೊತೆಯೂ ಆಗುತ್ತದೆ, ಒಲೆ ಉರಿಯುವ ಮನೆಯ ಮರಮಟ್ಟಿಗೆ ಹುಳವೂ ಕಡಿಮೆ.

ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ವಿಷಯ. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿವೆ, ಹಾಗಾಗಿ ಕೆಡವಿದ ಮನೆಗಳ ಹಂಚನ್ನೇ ಜನ ಕೊಳ್ಳುತ್ತಾರೆ. ಕೊಳ್ಳುವ ಮುನ್ನ ಹಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರು ನೋಡಿಕೊಳ್ಳಿ. ಬೇರೆ ಬೇರೆ ಕಾರ್ಖಾನೆಯ ಹಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳದೆ ಸಂದಿಯಲ್ಲಿ ನೀರಿಳಿಯುವುದುಂಟು. ಮಾಡಿಗೆ ಹತ್ತುವವರನ್ನು ಏಪ್ರಿಲಿನಲ್ಲೇ ಗೊತ್ತು ಮಾಡಿಕೊಳ್ಳಿ. ಜೂನ್ ಬಂದ ಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ.