ಹಬ್ಬದ ಊಟ ಮತ್ತು ನೆರೆಯವನ ಒಲೆ



ಒಂದು ತಿಂಗಳ ಉಪವಾಸದ ಬಳಿಕ ಈದುಲ್ ಫಿತ್ರ್‌ನ ಮುಂಜಾನೆ ಇಷ್ಟದ ತಿನಿಸು ಸವಿಯುವುದು ಭಕ್ತಿಗೆ ಕುಂದಲ್ಲ. ಅಂದು ಉಪವಾಸವೇ ನಿಷಿದ್ಧ. ಪ್ರವಾದಿವರ್ಯರು(ಸ) ಬೆಸ ಸಂಖ್ಯೆಯಲ್ಲಿ ಖರ್ಜೂರ ತಿಂದೇ ಅಂದಿನ ನಮಾಝಿಗೆ ಹೊರಡುತ್ತಿದ್ದರು. ಅಲ್ಲಾಹನು ತಡೆದಾಗ ತಡೆದುಕೊಳ್ಳುವುದು ಹೇಗೆ ಆರಾಧನೆಯೋ, ಅವನು ಅನುಮತಿಸಿದಾಗ ಕೃತಜ್ಞತೆಯಿಂದ ಉಣ್ಣುವುದೂ ಆರಾಧನೆಯೇ.

ಆದರೆ ತೆಂಗಳಿಯಲ್ಲಾಗಲಿ, ಸೇಡಂನಲ್ಲಾಗಲಿ, ನಮ್ಮ ಮನೆಯಲ್ಲಿ ಶೀರ್ ಖುರ್ಮಾ ಕುದಿಯುವಾಗ ನೆರೆಯ ಕೂಲಿಕಾರನ ಒಲೆ ತಣ್ಣಗಿದ್ದರೆ? ಅದಕ್ಕೆಂದೇ ಫಿತ್ರಾ ಇದೆ. ಮನೆಯ ಪ್ರತಿಯೊಬ್ಬರ ಪರವಾಗಿ, ಹಸುಳೆಯ ಪರವಾಗಿಯೂ, ಅದು ನಮಾಝಿಗೆ ಮುನ್ನವೇ ಸಲ್ಲಬೇಕು. ಇಬ್ನು ಉಮರ್(ರ) ಒಂದೆರಡು ದಿನ ಮೊದಲೇ ಕೊಡುತ್ತಿದ್ದರು. ಈದ್‌ಗಾಹಿನ ಬಾಗಿಲಲ್ಲಿ ಕೊಟ್ಟ ಹಣ ಹಾಲು, ಶಾವಿಗೆಯಾಗುವುದು ಯಾವಾಗ? ನೀವೂ ಮೊದಲೇ ತಲುಪಿಸಿರಿ.

ಅಲ್ಲಾಹನು ನಮ್ಮ ಉಪವಾಸವನ್ನೂ ಊಟವನ್ನೂ ಸ್ವೀಕರಿಸಲಿ. ಆಮೀನ್.