ತಾಳೆಯಾಗದ ಸಹಿ

ಕುಂದಾಪುರದ ಕಡೆಯಿಂದ ಬ್ಯಾಂಕಿನ ನೌಕರಿಗೆಂದು 1983ರಲ್ಲಿ ಮುಂಬಯಿಗೆ ಬಂದವ ನಾನು. ಎಷ್ಟು ಸಾವಿರ ಸಹಿ ತಾಳೆ ನೋಡಿದ್ದೇನೋ ಲೆಕ್ಕವಿಲ್ಲ. "ಸಹಿ ಸರಿಯಿಲ್ಲ" ಎಂದು ಸ್ಲಿಪ್ ಹಿಂದಿರುಗಿಸುವಾಗ ಕೈ ನಡುಗಿದ್ದಿಲ್ಲ.

ನಿವೃತ್ತನಾದ ಮೂರನೇ ವರ್ಷ ಒಂದು ಬೆಳಿಗ್ಗೆ ಚಹಾದ ಲೋಟ ಬಲಗೈಯಿಂದ ಜಾರಿತು. ಹೆಂಡತಿಯನ್ನು ಕರೆಯಹೋದರೆ ನಾಲಿಗೆ ಹೊರಳಲಿಲ್ಲ. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ದೇಹದ ಬಲಭಾಗವನ್ನು ಆಳುವುದು ಅದೇ. ವ್ಯಾಯಾಮ ಮಾಡಿ ಮಾಡಿ ಕಾಲು ಬಂತು, ಮಾತು ಮುಕ್ಕಾಲು ಬಂತು. ಬೆರಳು ಬರಲಿಲ್ಲ. ಅಂಗಿಯ ಗುಂಡಿ ಹಾಕುವವಳು ಇವತ್ತಿಗೂ ಹೆಂಡತಿಯೇ.

ಪಿಂಚಣಿ ತೆಗೆಯಲು ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ನನ್ನ ಸ್ಲಿಪ್ ನೋಡಿದಳು. "ಕಾಕಾ, ಸಹೀ ಜುಳತ್ ನಾಹೀ" ಎಂದಳು. ಊರಲ್ಲಾದರೆ ನಾನು ಯಾರೆಂದು ಹೇಳಲು ಇಡೀ ಕೇರಿಯಿತ್ತು. ಪರವೂರಲ್ಲಿ ನಾನು ನಾನೇ ಎನ್ನಲು ಆ ಗೀಟೊಂದೇ ಆಧಾರ. ಅದೇ ಹೋಯಿತಲ್ಲ!

ಆಗ ನೆನಪಾದದ್ದು ಪರೇಲಿನ ಒಬ್ಬ ಹಳೇ ಗಿರಣಿ ಕಾರ್ಮಿಕ. ಮಡಚಿದ ಕೈಯನ್ನು ಎದೆಗೊತ್ತಿಕೊಂಡು ಬಂದಿದ್ದ. ಮೂರು ದಿನ ಅಲೆದಾಡಿಸಿದೆ. ನಿಯಮ ತಪ್ಪಲ್ಲ, ಕಳ್ಳ ಸಹಿ ಪಾಸಾದರೆ ದುಡ್ಡು ಹೋಗುವುದು ಅವನದೇ. ಅನುಮಾನ ನನ್ನ ಕರ್ತವ್ಯ. ಆದರೆ ಅನುಮಾನಿಸಿದ ಮೇಲೆ ಎದುರಿಗಿದ್ದವನ ಮುಖ ನೋಡುವುದೂ ಕರ್ತವ್ಯವಲ್ಲವೇ? ನಾನು ಅರ್ಧ ಕೆಲಸ ಮಾಡಿ ಪೂರ್ತಿ ಸಂಬಳ ತಗೊಂಡೆ.

ನನ್ನ ಕೈ ಬೀಳದಿದ್ದರೆ ಇದು ಹೊಳೆಯುತ್ತಿತ್ತೇ? ತನಗೆ ಬಂದ ಮೇಲೆ ಹುಟ್ಟುವ ಕರುಣೆ ಕರುಣೆಯೇ, ಸ್ವಂತ ನೋವಿನ ಬಡ್ಡಿಯೇ? ನೋವು ತಿಂದವನಿಗೇ ಅರ್ಥವಾಗುವುದು ಎಂದು ಹೇಳಿಕೊಂಡು ಸಮಾಧಾನಪಡಬಹುದಿತ್ತು. ಆ ಹುಡುಗಿ ಅದಕ್ಕೂ ಬಿಡಲಿಲ್ಲ. ಕೌಂಟರ್ ಬಿಟ್ಟು ಹೊರಗೆ ಬಂದು ಪಕ್ಕದಲ್ಲಿ ಕೂತಳು. ಸಹಿ ಮಾಡಲಾಗದ ರೋಗಿಗಳು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಬಹುದು, ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು ಎಂಬ ರಿಸರ್ವ್ ಬ್ಯಾಂಕಿನ ಸೂಚನೆಯನ್ನು ನನಗೇ ವಿವರಿಸಿದಳು! ಮ್ಯಾನೇಜರನ್ನು ಕರೆತಂದಳು. ಎರಡನೇ ಸಾಕ್ಷಿ, ಜೊತೆಗೆ ಬಂದಿದ್ದ ನಮ್ಮ ಬಿಲ್ಡಿಂಗಿನ ಮರಾಠಿ ನೆರೆಯವರು.

ಅವಳಿಗೆ ಲಕ್ವ ಹೊಡೆದಿರಲಿಲ್ಲ. ವಯಸ್ಸು ಇಪ್ಪತ್ತೈದೂ ಇರಲಿಕ್ಕಿಲ್ಲ.

ಈಗ ದಿನಾ ಅರ್ಧ ಗಂಟೆ ಎಡಗೈಯಲ್ಲಿ ಸಹಿ ಕಲಿಯುತ್ತೇನೆ, ಕನ್ನಡದಲ್ಲಿ. ಚಿಕ್ಕಂದಿನಲ್ಲಿ ಎಡಗೈಗೆ ಬಳಪ ತಗೊಂಡರೆ ಅಜ್ಜ ಗದರುತ್ತಿದ್ದರು. ಅಕ್ಷರ ಆಗಿನಷ್ಟೇ ಸೊಟ್ಟ. ಆ ಗಿರಣಿಯವನಿಗೆ ಕೊಡಬೇಕಾದ ಬಾಕಿ ಮಾತ್ರ ಹಾಗೇ ಉಳಿದಿದೆ. ಯಾವ ಖಾತೆಗೆ ಜಮಾ ಮಾಡಲಿ?