ತಲುಪದ ಪಣ

ಲಕ್ಷ್ಮೇಶ್ವರದ ಸಮೀಪದ ಅಡರಕಟ್ಟಿಯಂಥ ಊರಿನಲ್ಲಿ ತರುಣನೊಬ್ಬನು ಮೊಬೈಲಿನಲ್ಲಿ ಜೂಜಾಡುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಪಣವೊಡ್ಡಿದ ಕ್ಷಣದಲ್ಲೇ ಸಂಪರ್ಕ ಕಡಿಯಿತು, ಹಣ ಉಳಿಯಿತು. ಅವನು ಜೂಜಾಡಿದನೇ, ಇಲ್ಲವೇ?

ಮೊದಲು ಯಂತ್ರದ ನಡೆಯನ್ನು ತಿಳಿಯಬೇಕು. ಚಿತ್ರಗಳು ತಿರುಗುವ ಸ್ಲಾಟ್ ಆಟದಲ್ಲಿ ಪಣವು ದೂರದ ಸರ್ವರನ್ನು ತಲುಪಿದೊಡನೆ ಅಲ್ಲಿಯೇ ಯಾದೃಚ್ಛಿಕ ಸಂಖ್ಯೆಯೊಂದು ಫಲವನ್ನು ನಿರ್ಣಯಿಸಿಬಿಡುತ್ತದೆ. ನೆಟ್‌ವರ್ಕ್ ಮಂದವಾದರೆ ತಡವಾಗುವುದು ಚಿತ್ರ ಮಾತ್ರ, ಸೋಲಲ್ಲ. ಮೊತ್ತವು ಏರುತ್ತ ಹೋಗಿ ಥಟ್ಟನೆ ಕುಸಿಯುವ ಆಟಗಳಲ್ಲಿ ಸ್ಥಿತಿ ಬೇರೆ: ಕುಸಿತಕ್ಕೆ ಮುನ್ನ ಹಣ ಹಿಂತೆಗೆಯಲು ಸಕಾಲಕ್ಕೆ ಒತ್ತಿದರೂ, ಆ ಆಜ್ಞೆ ಕ್ಷಣಮಾತ್ರ ತಡವಾಗಿ ತಲುಪಿದರೆ ಪಣ ಹೋಯಿತು. ಸೋತವನು ಆಗ ತನ್ನನ್ನಲ್ಲ, ಟವರನ್ನು ನಿಂದಿಸುತ್ತಾನೆ. ಸಂಪರ್ಕ ಚೆನ್ನಾಗಿದ್ದರೆ ಗೆಲ್ಲುತ್ತಿದ್ದೆನೆಂದು ಮತ್ತೆ ಆಡುತ್ತಾನೆ. (ವೇಗದ ಸಂಪರ್ಕದಲ್ಲಿ ಒಂದು ಗಂಟೆಗೆ ಇನ್ನಷ್ಟು ಪಣ ಹೂಡಬಹುದೆಂಬುದು ಅವನ ಲೆಕ್ಕಕ್ಕೆ ಬಾರದು.)

ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಕಾಯ್ದೆ ನೋಡುವುದು ವ್ಯವಹಾರವನ್ನು. ದ್ಯೂತವನ್ನು ಸಪ್ತವ್ಯಸನಗಳಲ್ಲಿ ಮೊದಲನೆಯದಾಗಿ ಎಣಿಸುವ ಶ್ರಾವಕಧರ್ಮವು ನೋಡುವುದು ಭಾವವನ್ನು. ತಂದುಲ ಮತ್ಸ್ಯದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು: ಮಹಾಮತ್ಸ್ಯದ ಕಿವಿಯಲ್ಲಿದ್ದ ಅಕ್ಕಿಕಾಳಿನಷ್ಟು ಮೀನು ಒಂದು ಜೀವಿಯನ್ನೂ ನುಂಗಲಿಲ್ಲ, ನುಂಗುವ ಸಂಕಲ್ಪದಿಂದಲೇ ಏಳನೆಯ ನರಕಕ್ಕಿಳಿಯಿತು. ಈ ದೃಷ್ಟಿಯಲ್ಲಿ ಪಣ ತಲುಪಿರಲಿ ಬಿಡಲಿ, ಆಸ್ರವವಾಗಿಯೇ ಇದೆ.

ಆದರೆ ಪರದೆಯ ಮೇಲೆ ಚಕ್ರ ಸುಮ್ಮನೆ ಸುತ್ತುತ್ತಿದ್ದ ಆ ಅರ್ಧ ನಿಮಿಷವನ್ನು ನಾನು ಬೇರೆಯಾಗಿಯೇ ಎಣಿಸುತ್ತೇನೆ. ಮೊಬೈಲನ್ನು ಬದಿಗಿಟ್ಟಿದ್ದರೆ ಅದೇ ಸಂವರಕ್ಕೆ ದಾರಿಯಾಗುತ್ತಿತ್ತು. ಅವನಾದರೋ ಸಿಗ್ನಲ್ ಅರಸುತ್ತ ಮಾಳಿಗೆ ಏರಿದರೆ, ಆ ಏರಿದ್ದಕ್ಕೆ ಯಾವ ಟವರೂ ಹೊಣೆಯಲ್ಲ.